ಉಬ್ರಾಣಿ ಸೀಮೆಯ ಹೆಣಿಗೆ ಮತ್ತು ಹಸಿರುಬೇಲಿ: ಒಂದು ಚಾರಿತ್ರಿಕ ಟಿಪ್ಪಣಿ

ಯುರೋಪಿನಲ್ಲಿ ವಿಲ್ಲೋ ಎಂಬ ಒಂದೇ ಗಿಡ ಎರಡು ಕಸುಬುಗಳನ್ನು ಸಾಕಿದೆ. ಒಣಕಡ್ಡಿಯಿಂದ ಬುಟ್ಟಿ ಹೆಣೆಯುತ್ತಾರೆ. ಹಸಿಕಡ್ಡಿಯನ್ನು ನೆಲಕ್ಕೆ ಊರಿ ಬಾಗಿಸಿದರೆ ಅದು ಬೇರುಬಿಟ್ಟು ಕಮಾನು, ಚಪ್ಪರವಾಗಿ ಚಿಗುರುತ್ತದೆ. ಇಂಗ್ಲೆಂಡಿನ ಸಾಮರ್ಸೆಟ್‌ನಲ್ಲಿ 2000ದಲ್ಲಿ ಸೆರೆನಾ ಡಿ ಲಾ ಹೇ ಹೆಣೆದು ನಿಲ್ಲಿಸಿದ 40 ಅಡಿಯ ‘ವಿಲ್ಲೋ ಮ್ಯಾನ್’ ಈ ಪರಂಪರೆಯದೇ ಫಲ. ಚನ್ನಗಿರಿ ತಾಲ್ಲೂಕಿನ ಉಬ್ರಾಣಿ ಹೋಬಳಿಯ ಆಸುಪಾಸಿನಲ್ಲಿ ಈ ಎರಡು ವಿದ್ಯೆಗಳು ಬೇರೆಬೇರೆ ಕೈಗಳಲ್ಲಿ ಬೆಳೆದವು. ಹೆಣಿಗೆ ಮೇದರದು, ಹಸಿರುಬೇಲಿ ರೈತರದು. ನಮ್ಮ ಕಸುಬುಗಳ ಚರಿತ್ರೆ ಮೊದಲನೆಯದನ್ನು ಮಾತ್ರ ಗಮನಿಸಿದೆ ಎಂಬುದು ನನ್ನ ವಾದ.

ಮೇದರ ಕಸುಬಿನ ಸುಳಿವುಗಳು ಹಳೆಯವು. 12ನೇ ಶತಮಾನದ ಶರಣರಲ್ಲಿ ಮೇದರ ಕೇತಯ್ಯನಿದ್ದಾನೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಬುಟ್ಟಿಯಂತೆ ಹೆಣೆದು ಹೊರಗೆ ತೊಗಲು ಹೊದಿಸಿದ ದುಂಡು ದೋಣಿಗಳಲ್ಲಿ ಜನ ಹೊಳೆ ದಾಟುವುದನ್ನು ಬರೆದಿಟ್ಟ. ಆ ಹೊಳೆ ನೆರೆಯ ಹೊನ್ನಾಳಿಯನ್ನು ಹಾದು ಹರಿಯುವ ತುಂಗಭದ್ರೆಯೇ. ಹೆಣಿಗೆ ಬರೀ ಮೊರ, ಮಕ್ಕರಿ, ಕಣಜಕ್ಕೆ ನಿಲ್ಲಲಿಲ್ಲ. ದೇವರ ಉತ್ಸವಗಳಲ್ಲಿ ಒಳಗೊಬ್ಬ ಮನುಷ್ಯ ನಿಂತು ಕುಣಿಸುವ ಆಳೆತ್ತರ ಮೀರಿದ ತಟ್ಟಿರಾಯ, ಗಾರುಡಿ ಗೊಂಬೆಗಳ ಮೈಯೂ ಬಿದಿರಿನದೇ. ಇವನ್ನು ಶಿಲ್ಪವೆಂದು ಕರೆಯಲು ನನಗೆ ಯಾವ ಅಳುಕೂ ಇಲ್ಲ.

ರೈತರ ವಿದ್ಯೆಗೆ ಇಂಥ ಬರಹದ ದಾಖಲೆ ಕಡಿಮೆ. ಅದನ್ನು ಹೊಲದ ಅಂಚಿನಲ್ಲೇ ಓದಬೇಕು. ಹಳ್ಳದ ದಂಡೆಯ ಲಕ್ಕಿ ಗಿಡ ಕಡ್ಡಿ ಊರಿದರೆ ನಾಟುತ್ತದೆ, ಸವರಿದಷ್ಟೂ ನೀಳ ಬರಲು ಬಿಡುತ್ತದೆ, ದನ ಅದಕ್ಕೆ ಬಾಯಿ ಹಾಕುವುದು ಕಡಿಮೆ. ಹಾಗಾಗಿ ಬೇಲಿಗೂ ಆಯಿತು, ಬರಲು ಬಾಗುವುದರಿಂದ ಪುಟ್ಟಿಗೂ ಆಯಿತು. ವಿಲ್ಲೋ ಮಾಡುವ ಎರಡೂ ಕೆಲಸವನ್ನು ಇಲ್ಲಿ ಮಾಡುವುದು ಲಕ್ಕಿಯೇ. ಎಲೆಬಳ್ಳಿ ತೋಟದಲ್ಲಿ ಅಗಸೆ, ಹಾಲವಾಣ, ನುಗ್ಗೆಯ ಸಾಲು ಬಳ್ಳಿಗೆ ಜೀವಂತ ಆಸರೆ. ನೆರಳು ಎಷ್ಟು ಬೇಕೋ ಅಷ್ಟಕ್ಕೆ ಕೊಂಬೆ ಸವರುವುದೇ ಅಲ್ಲಿನ ಕುಶಲತೆ.

ಬಿದಿರಿನ ಕಥೆ ನೋವಿನದು. ನೆರೆಯ ಭದ್ರಾವತಿಯಲ್ಲಿ 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾದ ಮೇಲೆ ಬಿದಿರು ಕಾಗದದ ಕಚ್ಚಾವಸ್ತುವಾಯಿತು. 1970ರ ದಶಕದಲ್ಲಿ ಮಾಧವ ಗಾಡ್ಗೀಳ್ ಮತ್ತು ಎಸ್. ನರೇಂದ್ರ ಪ್ರಸಾದ್ ರಾಜ್ಯದ ಬಿದಿರನ್ನು ಅಧ್ಯಯನ ಮಾಡಿದರು. ಅವರು ಕಂಡಂತೆ, ಕಾಗದ ಕಾರ್ಖಾನೆಗಳಿಗೆ ಟನ್ನಿಗೆ ಒಂದೆರಡು ರೂಪಾಯಿಗೆ ದಕ್ಕಿದ್ದ ಬಿದಿರಿಗೆ ಬುಟ್ಟಿ ಹೆಣೆಯುವವರು ಪೇಟೆಯಲ್ಲಿ ಸಾವಿರಕ್ಕೂ ಮಿಗಿಲು ತೆರುತ್ತಿದ್ದರು. ಮೆಳೆ ಚೊಕ್ಕಟವಾಗಲೆಂದು ಬುಡದ ಮುಳ್ಳು ಸವರಿಸಿದ್ದರಿಂದ ಕಳಲೆ ದನಗಳ ಪಾಲಾಗುತ್ತಿತ್ತು. ಉತ್ತರ ಕನ್ನಡದ ಹಳ್ಳಿಗರಿಗೆ ಇದು ಮೊದಲೇ ಗೊತ್ತಿತ್ತು. ಮುಳ್ಳೂ ಒಂದು ಬೇಲಿಯೆಂದು ಅರಿಯದ ಆಡಳಿತವೇ ಇಲ್ಲಿ ಸೋತದ್ದು.

2017ರ ತಿದ್ದುಪಡಿಯು ಭಾರತೀಯ ಅರಣ್ಯ ಕಾಯ್ದೆಯ ಮರದ ವ್ಯಾಖ್ಯೆಯಿಂದ ಬಿದಿರನ್ನು ಕೈಬಿಟ್ಟಿತು. ಹೊಲದಂಚಿನ ಬಿದಿರಿಗೆ ಹಾದಿ ಸಲೀಸಾಯಿತು. ಆದರೆ ಲಕ್ಕಿ ಬೇಲಿಗಳು ತಂತಿ ಮತ್ತು ಕಲ್ಲುಕಂಬಗಳಿಗೆ ಜಾಗ ಬಿಡುತ್ತಿವೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಕಾಲೇಜು ಅಧ್ಯಾಪಕರು ತಮ್ಮೂರಿನ ಬೇಲಿಸಾಲಿನ ಗಿಡಗಳನ್ನೂ ಮೇದರ ಮನೆಯ ಹೆಣಿಗೆಗಳನ್ನೂ ವಿದ್ಯಾರ್ಥಿಗಳ ಕೈಯಲ್ಲಿ ಈಗಲೇ ಪಟ್ಟಿ ಮಾಡಿಸಬೇಕೆಂದು ಕೋರುತ್ತೇನೆ.