ಟೀ ಅಂಗಡಿಯಿಂದ ಮುಖ್ಯಮಂತ್ರಿ ಗಾದಿಗೆ: ಓ. ಪನ್ನೀರ್‌ಸೆಲ್ವಂ ರಾಜಕೀಯ ಹಾದಿ

ತಮಿಳುನಾಡಿನ ಮಾಜಿ ಮುಖ್ಯಮಂತ್ರಿ ಓ. ಪನ್ನೀರ್‌ಸೆಲ್ವಂ ಜನಿಸಿದ್ದು 1951ರ ಜನವರಿ 14ರಂದು. ಥೇಣಿ ಜಿಲ್ಲೆಯ ಪೆರಿಯಕುಲಂನಲ್ಲಿ ಟೀ ಅಂಗಡಿ ನಡೆಸುತ್ತಿದ್ದ ಅವರು ಎಐಎಡಿಎಂಕೆ ಕಾರ್ಯಕರ್ತರಾಗಿ ಬೆಳೆದರು. 1996ರಲ್ಲಿ ಪಕ್ಷ ರಾಜ್ಯದಲ್ಲಿ ಅಧಿಕಾರ ಕಳೆದುಕೊಂಡರೂ ಪೆರಿಯಕುಲಂ ಪುರಸಭೆ ಅಧ್ಯಕ್ಷರಾದರು. 2001ರಲ್ಲಿ ಅದೇ ಊರಿನಿಂದ ಮೊದಲ ಬಾರಿಗೆ ಶಾಸಕರಾಗಿ, ಕಂದಾಯ ಸಚಿವರೂ ಆದರು.

ಆ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನಿಂದ ಜಯಲಲಿತಾ ಕೆಳಗಿಳಿದಾಗ ಮುಖ್ಯಮಂತ್ರಿ ಸ್ಥಾನ ಒಲಿಯಿತು. 2002ರ ಮಾರ್ಚ್‌ನಲ್ಲಿ ಅದನ್ನು ಅವರಿಗೇ ಬಿಟ್ಟುಕೊಟ್ಟರು. 2014ರಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಜಯಲಲಿತಾಗೆ ಶಿಕ್ಷೆ ವಿಧಿಸಿದಾಗಲೂ ಹುದ್ದೆ ವಹಿಸಿಕೊಂಡು, ಮರುವರ್ಷ ಮರಳಿಸಿದರು.

ಜಯಲಲಿತಾ ನಿಧನದ ಬಳಿಕ, 2016ರ ಡಿಸೆಂಬರ್‌ನಲ್ಲಿ, ಮೂರನೇ ಬಾರಿಗೆ ಮುಖ್ಯಮಂತ್ರಿಯಾದರು. 2017ರ ಫೆಬ್ರುವರಿಯಲ್ಲಿ ರಾಜೀನಾಮೆ ನೀಡಿದ ಎರಡೇ ದಿನಕ್ಕೆ, ಅದನ್ನು ಬಲವಂತದಿಂದ ಪಡೆಯಲಾಗಿದೆ ಎಂದು ಬಂಡೆದ್ದರು. ನಿಷ್ಠೆಯಿಂದ ಸಿಕ್ಕ ಕುರ್ಚಿಯನ್ನು ಸ್ವಂತ ಬಲದಲ್ಲಿ ಉಳಿಸಿಕೊಳ್ಳಲು ಮಾತ್ರ ಆಗಲಿಲ್ಲ.