ಹಗ್ಗಕ್ಕೊಂದು ಮನೆ

ಪುಣೆಗೆ ಬಂದ ಮೂರನೆಯ ಮಳೆಗಾಲದಲ್ಲಿ ಸಹ್ಯಾದ್ರಿಯ ಒಂದು ಕೋಟೆಯಿಂದ ಇಳಿಯುವಾಗ ಜಾರಿ ಬಿದ್ದು ಕಾಲು ಮುರಿದುಕೊಂಡೆ. ಜೊತೆಗಿದ್ದ ಇಬ್ಬರು ಗೆಳೆಯರಲ್ಲಿ ಒಬ್ಬ ಸಿಗ್ನಲ್ ಹುಡುಕುತ್ತ ಮತ್ತೆ ಮೇಲೆ ಹತ್ತಿದ. ಕತ್ತಲಾದ ಮೇಲೆ ಬಂದವರು ತಳದ ಊರಿನ ಹತ್ತು ಹನ್ನೆರಡು ಜನ. ಒಬ್ಬ ಹಾಲು ಹಾಕುವವ, ಒಬ್ಬರು ಶಾಲೆಯ ಮೇಷ್ಟ್ರು, ಇನ್ನೊಬ್ಬ ರಿಕ್ಷಾ ಓಡಿಸುವವ. ನನ್ನನ್ನು ಸ್ಟ್ರೆಚರಿಗೆ ಬಿಗಿದು ಬೆಳಗಿನ ಜಾವದವರೆಗೆ ಹೊತ್ತು ಇಳಿಸಿದರು. ದುಡ್ಡು ಕೊಡಲು ಹೋದರೆ ನಕ್ಕರು. ಸ್ಟ್ರೆಚರ್ ತೊಳೆದು ಕಿರಾಣಿ ಅಂಗಡಿಯ ಹಿಂದಿನ ಕೋಣೆಯಲ್ಲಿ, ಈರುಳ್ಳಿ ಚೀಲಗಳ ಪಕ್ಕದಲ್ಲಿಟ್ಟರು. ಅದೇ ಅವರ ಠಾಣೆ.

ಈಗ ಅವರು ಸ್ವಂತಕ್ಕೊಂದು ಕಟ್ಟಡ ಕಟ್ಟಲು ಹೊರಟಿದ್ದಾರೆ. ನಮ್ಮ ಸೊಸೈಟಿಯಲ್ಲಿ ಚಂದಾ ಎತ್ತುವ ಕೆಲಸ ನನ್ನದು. ಮೊದಲು ಹೋದದ್ದು ವಿಜಯಪುರ ಕಡೆಯ ಕಾಕಾ ಅವರ ಮನೆಗೆ. ಮೂವತ್ತು ವರ್ಷದಿಂದ ಪುಣೆಯಲ್ಲಿರುವವರು, ಲೆಕ್ಕದಲ್ಲಿ ಬಿಗಿ.

“ಅಲ್ಲಪಾ, ಹಗ್ಗ ತರ್ತೀವಿ ಅಂದ್ರ ಈಗ ಕೊಡ್ತೀನಿ. ಖೋಲಿ ಕಟ್ಟಾಕ ಯಾಕ ರೊಕ್ಕ? ಮಂದೀನ ಉಳಿಸೋದು ಹಗ್ಗ, ಗ್ವಾಡಿ ಅಲ್ಲ.”

ನನಗೆ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದು, ಈ ಕೆಲಸ ಬಹಳ ಕಾಲದಿಂದ ನಡೆಯುತ್ತಿರುವ ಬ್ರಿಟನ್ನಿನ ಚರಿತ್ರೆಯನ್ನು ಓದುತ್ತ ಕುಳಿತೆ.

ಆ ಕಥೆಯ ಆರಂಭದಲ್ಲೂ ಒಂದು ಮುರಿದ ಕಾಲಿದೆ. 1928ರ ನವೆಂಬರ್. ಮ್ಯಾಂಚೆಸ್ಟರಿಗೆ ಸಮೀಪದ ಲ್ಯಾಡೋ ಬಂಡೆಗಳಲ್ಲಿ ಎಡ್ಗರ್ ಪ್ರಯರ್ ಎಂಬ ಆರೋಹಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡ. ಹತ್ತಿರದಲ್ಲಿ ಸ್ಟ್ರೆಚರ್ ಇರಲಿಲ್ಲ. ಜೊತೆಗಾರರು ದಾರಿ ತೋರಿಸುವ ಹಲಗೆಯನ್ನೇ ಕಿತ್ತು ಬಳಸಿ, ಹೇಗೋ ಒಂದು ಡೋಲಿ ಮಾಡಿ, ಗಂಟೆಗಟ್ಟಲೆ ಹೊತ್ತರು. ನೋವು ತಗ್ಗಿಸುವ ಮದ್ದೂ ಇರಲಿಲ್ಲ. ಕೊನೆಗೆ ಕಾಲನ್ನೇ ತೆಗೆಯಬೇಕಾಯಿತು. ಶಸ್ತ್ರವೈದ್ಯ ವಿಲ್ಸನ್ ಹೇ ಅವರ ತೀರ್ಮಾನ ನಿಷ್ಠುರವಾಗಿತ್ತು. ಬಿದ್ದದ್ದಕ್ಕಿಂತ, ಮದ್ದಿಲ್ಲದೆ ಹೊತ್ತು ತಂದದ್ದೇ ಹೆಚ್ಚು ಹಾನಿ ಮಾಡಿತ್ತು.

ಮುಂದೆ ರಕ್‌ಸ್ಯಾಕ್ ಕ್ಲಬ್ ಹಾಗೂ ಫೆಲ್ ಅಂಡ್ ರಾಕ್ ಕ್ಲೈಂಬಿಂಗ್ ಕ್ಲಬ್ ಸೇರಿ, ಬೆಟ್ಟಕ್ಕೆ ಹೊಂದುವ ಸ್ಟ್ರೆಚರ್ ಯಾವುದೆಂದು ನೋಡಲು ಸಮಿತಿ ಮಾಡಿದವು. ಯೂಸ್ಟೇಸ್ ಥಾಮಸ್ ಎಂಬ ಎಂಜಿನಿಯರ್ ಅದನ್ನು ರೂಪಿಸಿದ. ಬಂಡೆಯ ಮೇಲೆ ಜಾರಿಸಲು ಕೆಳಗೆ ಮರದ ಪಟ್ಟಿಗಳು, ಹೊರುವವರಿಗೆ ಎಳೆದು ಉದ್ದ ಮಾಡಬಹುದಾದ ಹಿಡಿಗಳು. ದಶಕಗಳ ಕಾಲ ಅದೇ ಬಳಕೆಯಲ್ಲಿತ್ತು. ಹೇ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ರಕ್ಷಣಾ ಕೇಂದ್ರಗಳಿಗೆ ಮಾರ್ಫಿನ್ ಹಂಚಿದರು. ಅದು ಕಾನೂನಿಗೆ ವಿರುದ್ಧ. 1949ರಲ್ಲಿ ಅವರಿಗೆ 10 ಪೌಂಡ್ ದಂಡ ಬಿತ್ತು. ಆದರೆ ಆ ಮೊಕದ್ದಮೆಯಿಂದಲೇ ವಿಷಯ ಎಲ್ಲರಿಗೂ ತಿಳಿದು, ಸರ್ಕಾರವೇ ಅನುಮತಿ ಕೊಟ್ಟಿತು.

ನನ್ನ ಪ್ರಶ್ನೆ ಬೇರೆ. ಆ ಸ್ಟ್ರೆಚರನ್ನು ಎಲ್ಲಿಟ್ಟರು? ಹೋಟೆಲುಗಳಲ್ಲಿ, ರೈತರ ಮನೆಗಳಲ್ಲಿ, ಪೊಲೀಸ್ ಠಾಣೆಗಳಲ್ಲಿ. ಲೇಕ್ ಡಿಸ್ಟ್ರಿಕ್ಟಿನ ಸ್ಟೈ ಹೆಡ್ ಕಣಿವೆದಾರಿಯಂಥ ಕಡೆ ಬೆಟ್ಟದ ಮೇಲೆಯೇ ಒಂದು ಪೆಟ್ಟಿಗೆಯಲ್ಲಿ. ಅಪಘಾತವಾದಾಗ ಅಲ್ಲಿದ್ದವರೇ ತೆಗೆದುಕೊಂಡು ಓಡಬೇಕು. ಸಾಮಾನು ಇತ್ತು, ಹೊರಲು ಗೊತ್ತಿರುವ ಕೈಗಳು ಇರುತ್ತವೆಂಬ ಭರವಸೆ ಇರಲಿಲ್ಲ.

1946ರ ಈಸ್ಟರ್ ಹೊತ್ತಿಗೆ ಗ್ರೇಟ್ ಗೇಬಲ್ ಬೆಟ್ಟದಲ್ಲಿ ವಿಲ್ಫ್ರಿಡ್ ನಾಯ್ಸ್ ಬಿದ್ದು ಕಾಲು ಮುರಿದುಕೊಂಡರು. ಏಳು ವರ್ಷದ ನಂತರ ಎವರೆಸ್ಟ್ ತಂಡದಲ್ಲಿದ್ದು ಸೌತ್ ಕೋಲ್ ತಲುಪಿದ ನಾಯ್ಸ್ ಇವರೇ. ಅವರನ್ನು ಕೆಳಗಿಳಿಸಲು ರಾತ್ರಿಯೆಲ್ಲ ಪಟ್ಟ ಪಾಡನ್ನು ಕಂಡ ಹೊರೇಸ್ ವೆಸ್ಟ್‌ಮೋರ್‌ಲ್ಯಾಂಡ್ ಎಂಬ ನಿವೃತ್ತ ಸೇನಾಧಿಕಾರಿ, ತರಬೇತಾದ ಸ್ಥಳೀಯರದೇ ಒಂದು ತಂಡ ಬೇಕೆಂದು ಕೆಸ್ವಿಕ್ ಊರಿನವರನ್ನು ಕೂಡಿಸಿದರು. ಕಾನಿಸ್ಟನ್ನಿನಲ್ಲೂ 1947ರಲ್ಲಿ ತಂಡ ಹುಟ್ಟಿತು. ಸ್ಕಾಟ್ಲೆಂಡಿನ ಗ್ಲೆಂಕೋದಲ್ಲಿ 1961ರಲ್ಲಿ ಹೇಮಿಶ್ ಮ್ಯಾಕಿನ್ನಿಸ್ ತಂಡ ಕಟ್ಟಿದರು. ಮಡಚಬಹುದಾದ ಲೋಹದ ಸ್ಟ್ರೆಚರ್ ಅವರದೇ ವಿನ್ಯಾಸ.

ತಂಡ ಎಂದಮೇಲೆ ಸೇರಲು ಜಾಗ ಬೇಕು. ಒದ್ದೆಯಾದ ಹಗ್ಗವನ್ನು ಬಿಸಿಲಿಗೆ ಹಾಕಿದರೆ ನೈಲಾನ್ ಹಾಳಾಗುತ್ತದೆ, ನೆರಳಿನಲ್ಲಿ ಗಾಳಿಯಾಡುವಂತೆ ಒಣಗಿಸಬೇಕು. ವಾಕಿಟಾಕಿಯ ಬ್ಯಾಟರಿ ಚಾರ್ಜ್ ಆಗಿರಬೇಕು, ರಕ್ತವಾದ ಸ್ಟ್ರೆಚರ್ ತೊಳೆಯಲು ನೀರಿರಬೇಕು. ಕಾಣೆಯಾದವರ ತಾಯಿ ತಂದೆ ಬಂದರೆ ಕೂರಲು ಎರಡು ಕುರ್ಚಿ ಇರಬೇಕು. ಹೆಣ ಹೊತ್ತು ತಂದ ಹುಡುಗ ನೇರ ಮನೆಗೆ ಹೋಗುವ ಮೊದಲು ಜೊತೆಯವರೊಂದಿಗೆ ಒಂದು ಲೋಟ ಚಹಾ ಕುಡಿಯಬೇಕು. ಈ ಪಟ್ಟಿಯಲ್ಲಿ ಯಾವುದಕ್ಕೂ ಹಗ್ಗದಷ್ಟು ಆಕರ್ಷಣೆ ಇಲ್ಲ.

ಬ್ರಿಟನ್ನಿನಲ್ಲಿ ಕರೆ ಹೋಗುವುದು ಪೊಲೀಸರಿಗೆ, ಬೆಟ್ಟ ಹತ್ತುವವರು ಸ್ವಯಂಸೇವಕರು. ಬದುಕಿ ಬಂದವರಿಂದ ಶುಲ್ಕ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಹಣ ಬರಬೇಕಾದದ್ದು ಪಬ್ಬು ಅಂಗಡಿಗಳಲ್ಲಿಟ್ಟ ಡಬ್ಬಿಗಳಿಂದ, ಪ್ರಾಯೋಜಿತ ನಡಿಗೆಗಳಿಂದ, ಉಯಿಲುಗಳಿಂದ, ಮಗನನ್ನು ಬೆಟ್ಟದಲ್ಲಿ ಕಳೆದುಕೊಂಡ ಮನೆಗಳಿಂದ. ಓದುತ್ತ ಹೋದಂತೆ ನನಗೆ ಒಂದು ಮಾತು ಸ್ಪಷ್ಟವಾಯಿತು. ಸಲಕರಣೆಗೆ ದುಡ್ಡು ಅಪಘಾತದ ಬೆನ್ನಿಗೇ ಬರುತ್ತದೆ, ಆಗ ಎಲ್ಲರ ಮನಸ್ಸೂ ಕರಗಿರುತ್ತದೆ. ಸೂರಿಗೆ ಮಾತ್ರ ಏನೂ ಆಗದ ದಿನಗಳಲ್ಲಿ ಕೈ ಒಡ್ಡಬೇಕು.

ನಮ್ಮಲ್ಲೂ ಅಷ್ಟೇ. 2018ರ ಜುಲೈ 28ರಂದು ಅಂಬೇನಳಿ ಘಾಟಿನಲ್ಲಿ ದಾಪೋಲಿ ಕೃಷಿ ವಿದ್ಯಾಪೀಠದ ನೌಕರರಿದ್ದ ಬಸ್ಸು ಕಣಿವೆಗೆ ಬಿದ್ದಾಗ, ಹಗ್ಗ ಕಟ್ಟಿ ಇಳಿದವರಲ್ಲಿ ಮಹಾಬಳೇಶ್ವರದ ಚಾರಣಿಗರೂ ಇದ್ದರು. ಅಂದು ಟೀವಿಯಲ್ಲಿ ಎಲ್ಲರೂ ನೋಡಿದೆವು, ಹೊಗಳಿದೆವು. ಇಂಥವರು ತಮ್ಮ ಹಗ್ಗಗಳನ್ನು ಎಲ್ಲಿ ಒಣಗಿಸುತ್ತಾರೆ ಎಂದು ನಾನಂತೂ ಕೇಳಲಿಲ್ಲ.

ಮುಂದಿನ ಭಾನುವಾರ ಮತ್ತೆ ಕಾಕಾ ಮನೆಗೆ ಹೋದೆ. ಇಷ್ಟನ್ನೂ ಹೇಳಿದೆ. ಜೊತೆಗೆ, ಮೊದಲ ಸಲ ಸಂಕೋಚಪಟ್ಟು ಬಿಟ್ಟಿದ್ದ ಸಂಗತಿಯನ್ನೂ ಹೇಳಿದೆ. ನಾನು ಬಿದ್ದ ರಾತ್ರಿ ಕಿರಾಣಿ ಅಂಗಡಿಯವರು ಮದುವೆಗೆಂದು ಪಕ್ಕದ ಊರಿಗೆ ಹೋಗಿದ್ದರು. ಹುಡುಗರು ಸಿದ್ಧರಾಗಿ ಬೀದಿಯಲ್ಲಿ ನಿಂತಿದ್ದರು. ಬೀಗದ ಕೈ ತರಲು ಒಬ್ಬ ಬೈಕಿನಲ್ಲಿ ಹೋಗಿ ಬರುವಷ್ಟರಲ್ಲಿ ಒಂದು ಗಂಟೆ ಕಳೆದಿತ್ತು. ನನ್ನದು ಕಾಲಷ್ಟೇ, ತಡೆದುಕೊಂಡೆ. ತಲೆಗೆ ಪೆಟ್ಟಾಗಿದ್ದರೆ?

ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಚೆಕ್ ಪುಸ್ತಕ ತೆಗೆದು ಕೇಳಿದ್ದು ಒಂದೇ ಮಾತು.

“ಹೊಸಾ ಖೋಲಿ ಕೀಲಿ ಯಾರ ಹಂತ್ಯಾಕ ಇರ್ತದ?”

“ಮೂರು ಜನರ ಹತ್ತಿರ ಕಾಕಾ, ಒಂದು ಬಾಗಿಲ ಪಕ್ಕದ ಡಬ್ಬಿಯಲ್ಲಿ.”

“ನಾಕು ಮಾಡಸ್ರಿ,” ಎಂದು ಸಹಿ ಹಾಕಿದರು.