ಸತ್ತವನನ್ನು ಬದುಕಿಸುವವರು

ಚಿನಕುರಳಿ ಅಂದರೆ ಬೆಂಗಳೂರಿನ ಗೆಳೆಯರಿಗೆ ಪೇಪರಿನ ಕಾರ್ಟೂನು ನೆನಪಾಗುತ್ತೆ. ನನಗೆ ಅದು ಊರು. ಪಾಂಡವಪುರ ತಾಲ್ಲೂಕಿನ ನಮ್ಮೂರಿಗೆ ಇತಿಹಾಸದ ಪುಸ್ತಕದಲ್ಲೂ ಒಂದು ಸಾಲು ಸಿಕ್ಕಿದೆ, ಅದೂ ಸೋಲಿನ ಲೆಕ್ಕದಲ್ಲಿ: 1771ರಲ್ಲಿ ಹೈದರಾಲಿ ಮರಾಠರ ಕೈಲಿ ಸೋತದ್ದು ಇಲ್ಲಿ. ನಾನು ಕಣ್ಣಾರೆ ಕಂಡ ನಮ್ಮೂರಿನ ಸೋಲು ಮಾತ್ರ ಕಬಡ್ಡಿಯದು.

ನಾನಾಗ ಹೈಸ್ಕೂಲು. ಟ್ಯೂಬ್‌ಲೈಟ್ ಕಟ್ಟಿ ರಾತ್ರಿಯಿಡೀ ನಡೆಸುವ ಟೂರ್ನಮೆಂಟು. ಈ ಸಲ ಕಪ್ ನಮ್ಮದೇ ಆಗಬೇಕು ಅಂತ ಹುಡುಗರು ಚಂದಾ ಎತ್ತಿ ಹೊರಗಿನಿಂದ ಒಬ್ಬ ರೈಡರನ್ನು ಕರೆಸಿದ್ದರು. ಆಸಾಮಿ ಒಳ್ಳೇ ಆಟಗಾರನೇ. ಫೈನಲ್‌ವರೆಗೆ ಒಬ್ಬನೇ ಎಳೆದುಕೊಂಡು ಬಂದ. ಫೈನಲ್‌ನಲ್ಲಿ ಎದುರಿನವರು ಅವನೊಬ್ಬನಿಗೇ ಹೊಂಚು ಹಾಕಿ ಹಿಡಿದರು. ಅವನು ಗೆರೆಯಾಚೆ ಹೋಗಿ ಕೂತ. ಮಿಕ್ಕವರಿಗೆ ಕೈಕಾಲೇ ಆಡಲಿಲ್ಲ. ನಮ್ಮವರು ಒಂದು ಪಾಯಿಂಟ್ ತಂದು ಅವನನ್ನು ಒಳಗೆ ಕರೆಸುವಷ್ಟರಲ್ಲಿ ಆಟ ಕೈತಪ್ಪಿತ್ತು. ಮನೆಗೆ ಬರುವ ದಾರೀಲಿ ಚಿಕ್ಕಪ್ಪ ಕೇಳಿದ್ದು ಒಂದೇ ಮಾತು: “ಹೊಡಿಯೋನ್ನೇನೋ ತಂದ್ರಿ. ಅವ್ನು ಸತ್ರೆ ಬದುಕ್ಸೋರು ಯಾರ್ಲಾ?”

ಔಟಾದವನನ್ನು ನಾವು ‘ಸತ್ತ’ ಅಂತಲೇ ಹೇಳೋದು. ತಂಡದ ಇನ್ನೊಬ್ಬ ಎದುರಾಳಿಯನ್ನು ಮುಟ್ಟಿ ಬಂದರೆ, ಇಲ್ಲಾ ಒಳಗೆ ಬಂದವನನ್ನು ಹಿಡಿದು ಹಾಕಿದರೆ, ಸತ್ತವನು ಬದುಕುತ್ತಾನೆ. ಬೋನಸ್ ಪಾಯಿಂಟಿಗೆ ಯಾರೂ ಬದುಕುವುದಿಲ್ಲ. ಸ್ಕೋರ್‌ಬೋರ್ಡಿನ ಮೇಲೆ ಎಲ್ಲ ಪಾಯಿಂಟೂ ಒಂದೇ ಥರ ಕಾಣುತ್ತೆ, ಅಷ್ಟೇ.

ಕಬಡ್ಡಿಗೆ ಕೋಟಿಗಟ್ಟಲೆ ದುಡ್ಡು ಬಂದಮೇಲೂ ಚಿಕ್ಕಪ್ಪನ ಪ್ರಶ್ನೆ ಬದಲಾಗಲಿಲ್ಲ. ಪ್ರೊ ಕಬಡ್ಡಿ ಶುರುವಾಗಿದ್ದು 2014ರಲ್ಲಿ. ನಮ್ಮ ಬೆಂಗಳೂರು ಬುಲ್ಸ್ 2015ರ ಫೈನಲ್‌ನಲ್ಲಿ ಯು ಮುಂಬಾ ಎದುರು ಸೋತು, ಕೊನೆಗೆ 2019ರ ಜನವರಿ 5ರಂದು ಕಪ್ ಎತ್ತಿತು. ಗುಜರಾತ್ ವಿರುದ್ಧ 38–33. ಅದರಲ್ಲಿ ಪವನ್ ಸೆಹ್ರಾವತ್ ಒಬ್ಬರದೇ 22 ಪಾಯಿಂಟು. ಒಬ್ಬನೇ ಗೆಲ್ಲಿಸಿದ ಅಂತ ನಾವೆಲ್ಲ ಕುಣಿದೆವು. ಮಿಕ್ಕ 16 ಎಲ್ಲಿಂದ ಬಂತು ಅಂತ ಯಾರೂ ಕೇಳಲಿಲ್ಲ. ಗೆದ್ದ ಅಂತರ ಬರೀ 5.

ಮುಂದಿನ ಸೀಸನ್ ನೋಡಿ. ಪವನ್ ಇನ್ನೂ ಚೆನ್ನಾಗಿ ಆಡಿದರು. ರೈಡ್ ಪಾಯಿಂಟು ಹಿಂದಿನ ವರ್ಷದ 271ರಿಂದ 346ಕ್ಕೆ ಏರಿತು. ಹರಿಯಾಣ ಸ್ಟೀಲರ್ಸ್ ವಿರುದ್ಧ ಒಂದೇ ಪಂದ್ಯದಲ್ಲಿ 39! ಆದರೆ ಬುಲ್ಸ್ ಸೆಮಿಫೈನಲ್‌ನಲ್ಲೇ ದಬಂಗ್ ಡೆಲ್ಲಿಗೆ ಸೋತಿತು. ಅದೇ ಸ್ಟಾರು, ಮೊದಲಿಗಿಂತ ಹೆಚ್ಚು ಪಾಯಿಂಟು, ಕಪ್ ಇಲ್ಲ.

2022ರಲ್ಲಿ ತಮಿಳ್ ತಲೈವಾಸ್ ಪವನ್ ಅವರನ್ನು 2.26 ಕೋಟಿಗೆ ಕೊಂಡಿತು. ಒಂದು ತಂಡ ಖರ್ಚು ಮಾಡಬಹುದಾಗಿದ್ದೇ ಆಗ 4.4 ಕೋಟಿ, ಅಂದರೆ ಅರ್ಧಕ್ಕಿಂತ ಹೆಚ್ಚು ಒಬ್ಬರಿಗೇ. ಮೊದಲ ಪಂದ್ಯದಲ್ಲೇ ಮಂಡಿಗೆ ಪೆಟ್ಟಾಗಿ ಅವರು ಸೀಸನ್ ಪೂರ್ತಿ ಹೊರಗುಳಿದರು. ಕತೆ ಮುಗೀತು ಅಂದುಕೊಂಡರೆ, ಅಲ್ಲಿವರೆಗೆ ಒಮ್ಮೆಯೂ ಪ್ಲೇಆಫ್ ಕಾಣದಿದ್ದ ತಲೈವಾಸ್ ಆ ವರ್ಷ ಸೆಮಿಫೈನಲ್ ತಲುಪಿತು. ಸತ್ತವನು ಬರೋದೇ ಇಲ್ಲ ಅಂತ ಗೊತ್ತಾದಾಗ ಉಳಿದವರು ಆಡಲೇಬೇಕಾಯಿತು. ಮರುವರ್ಷ ತೆಲುಗು ಟೈಟನ್ಸ್ ಅವರಿಗೆ 2.6 ಕೋಟಿ ಕೊಟ್ಟಿತು. 22 ಪಂದ್ಯಗಳಲ್ಲಿ ಗೆದ್ದದ್ದು 2, ಸಿಕ್ಕಿದ್ದು ಕೊನೆಯ ಸ್ಥಾನ. ತಪ್ಪು ಪವನ್ ಅವರದಲ್ಲ. ಅವರನ್ನು ಬದುಕಿಸುವವರಿಗೆ ಕೊಡೋಕೆ ದುಡ್ಡು ಉಳಿದಿರಲಿಲ್ಲ.

ಹಾಗಂತ ಸ್ಟಾರ್ ಬೇಡವಾ? ಬೇಕು. ಪಟ್ನಾ ಪೈರೇಟ್ಸ್ ಸತತ ಮೂರು ಸಲ ಗೆದ್ದದ್ದು ಪ್ರದೀಪ್ ನರ್ವಾಲ್ ಇದ್ದಾಗಲೇ, 2017ರಲ್ಲಿ ಅವರದು 369 ರೈಡ್ ಪಾಯಿಂಟು. ಆದರೆ ಆ ವರ್ಷ ಅವರ ಜೊತೆಗೆ ರೈಡ್‌ಗೆ ಹೋಗುತ್ತಿದ್ದ ಮೋನು ಗೋಯತ್ ಮರುವರ್ಷದ ಹರಾಜಿನಲ್ಲಿ 1.51 ಕೋಟಿಗೆ ಹೋದರು, ಆ ಹರಾಜಿನಲ್ಲೇ ಅತಿ ಹೆಚ್ಚು. ಎರಡನೆಯವನ ಬೆಲೆ ಎಷ್ಟು ಅಂತ ಬೇರೆಯವರಿಗೆ ಗೊತ್ತಿತ್ತು.

ಇದು ಕಬಡ್ಡಿಯ ರೂಲಿಗಷ್ಟೇ ಸಂಬಂಧಿಸಿದ ಮಾತಲ್ಲ. ಅಮೆರಿಕದ ಬ್ಯಾಸ್ಕೆಟ್‌ಬಾಲ್‌ನಲ್ಲಿ ವಿಲ್ಟ್ ಚೇಂಬರ್ಲಿನ್ 1962ರ ಮಾರ್ಚ್ 2ರಂದು ಒಂದೇ ಪಂದ್ಯದಲ್ಲಿ 100 ಪಾಯಿಂಟ್ ಹೊಡೆದರು. ಆ ಸೀಸನ್‌ನ ಸರಾಸರಿಯೇ 50.4. ಆದರೆ ಅವರ ಫಿಲಡೆಲ್ಫಿಯಾ ತಂಡ ಏಳು ಪಂದ್ಯಗಳ ಸರಣಿಯಲ್ಲಿ ಬಾಸ್ಟನ್ ಸೆಲ್ಟಿಕ್ಸ್‌ಗೆ ಸೋತಿತು, ಕಪ್ಪೂ ಬಾಸ್ಟನ್ನಿಗೇ ಹೋಯಿತು. ಬಾಸ್ಟನ್ನಿನ ಬಿಲ್ ರಸೆಲ್ ಹೆಸರಾಗಿದ್ದು ಬುಟ್ಟಿಗೆ ಹಾಕಿದ್ದಕ್ಕಲ್ಲ, ಎದುರಾಳಿ ಹಾಕದಂತೆ ತಡೆದದ್ದಕ್ಕೆ, ತಪ್ಪಿ ಬಂದ ಚೆಂಡನ್ನು ಹಿಡಿದು ಜೊತೆಯವರಿಗೆ ಕೊಟ್ಟಿದ್ದಕ್ಕೆ. 1957ರಿಂದ 1969ರವರೆಗಿನ 13 ಸೀಸನ್‌ಗಳಲ್ಲಿ ಆ ತಂಡ 11 ಸಲ ಗೆದ್ದಿತು.

ಇಷ್ಟೆಲ್ಲ ಲೆಕ್ಕ ನನಗೇಕೆ ಬೇಕಾಯಿತು ಅಂತ ಹೇಳಿಬಿಡ್ತೀನಿ. ಎರಡು ವರ್ಷದ ಹಿಂದೆ ನಾನು ಏಳು ಜನರ ಟೀಮಿಗೆ ಲೀಡ್ ಆಗಿದ್ದೆ. ಹೌದು, ಕಬಡ್ಡಿಯಷ್ಟೇ ಜನ. ಹೈಕ್‌ಗೆ ಅಂತ ಸಿಕ್ಕ ದುಡ್ಡಿನಲ್ಲಿ ದೊಡ್ಡ ಪಾಲನ್ನು ನಮ್ಮ ಸ್ಟಾರ್ ಹುಡುಗನಿಗೇ ಹಾಕಿದೆ. ಅವನು ಬರೆದ ಕೋಡನ್ನು ರಾತ್ರಿ ಕೂತು ಟೆಸ್ಟ್ ಮಾಡಿ, ಕೆಟ್ಟದ್ದನ್ನು ಸದ್ದಿಲ್ಲದೆ ಸರಿ ಮಾಡುತ್ತಿದ್ದವಳಿಗೆ “ನಿರೀಕ್ಷೆಗೆ ತಕ್ಕಂತೆ ಕೆಲಸ ಮಾಡಿದ್ದಾರೆ” ಅಂತ ಒಂದು ಸಾಲು ಬರೆದು ಮುಗಿಸಿದೆ. ಮೂರೇ ತಿಂಗಳಲ್ಲಿ ಅವಳು ಕೆಲಸ ಬಿಟ್ಟಳು. ಸ್ಟಾರ್ ಇನ್ನೂ ಇದ್ದ. ರಿಲೀಸ್ ಮೇಲೆ ರಿಲೀಸ್ ಕೈಕೊಟ್ಟಿತು. ಅವನಿಗೂ ಏನಾಗುತ್ತಿದೆ ಅಂತ ಅರ್ಥವಾಗಲಿಲ್ಲ, ಪಾಪ. ಅವನು ಎಷ್ಟು ಸಲ ಔಟಾಗುತ್ತಿದ್ದ ಅನ್ನೋದು ಅವನಿಗೇ ಗೊತ್ತಿರಲಿಲ್ಲ.

ಹಬ್ಬಕ್ಕೆ ಊರಿಗೆ ಹೋದಾಗ ಇದನ್ನೆಲ್ಲ ಚಿಕ್ಕಪ್ಪನಿಗೆ ಹೇಳಿದೆ. ಕೋಡು, ರಿಲೀಸು ಅವರಿಗೆ ತಲೆಗೆ ಹೋಗಲಿಲ್ಲ. ಪೂರ್ತಿ ಕೇಳಿಸಿಕೊಂಡು, “ಅವತ್ತು ನಿಂಗೆ ಹೇಳಿದ್ನಲ್ಲ ಮಗ. ಆ ಹುಡ್ಗಿಗೆ ಫೋನ್ ಮಾಡಿದ್ಯಾ?” ಅಂದರು.

ಅಲ್ಲೀವರೆಗೆ ಮಾಡಿರಲಿಲ್ಲ.